ಮೇಷ್ಟ್ರ ಹೆಸರು, ನನ್ನ ಮುಖ

ಕಳೆದ ತಿಂಗಳು ಕೋಲಾರದಲ್ಲಿ ವಕೀಲರೊಬ್ಬರನ್ನು ನೋಡಲು ಹೋಗಿದ್ದೆ. ಅವರ ಕಚೇರಿಯ ಜಗಲಿಯಲ್ಲಿ ಯಾರೋ ಒಬ್ಬರು ಹಳೆಯ ಕುರ್ಚಿಗೆ ಬೆತ್ತ ಹಾಕುತ್ತಾ ಕೂತಿದ್ದರು. ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಕೆಟ್ಟು, ಅದರ ತುಂಬ ನೆನೆಹಾಕಿದ ಬೆತ್ತದ ಎಳೆಗಳು. ಒದ್ದೆ ಗೋಣಿಚೀಲಕ್ಕೂ ಹಸಿಹುಲ್ಲಿಗೂ ನಡುವಿನ ಒಂದು ವಾಸನೆ... ಒಳಗೆ ವಕೀಲರು ನನ್ನ ಸೈಟಿನ ವಿಚಾರ ಹೇಳುತ್ತಲೇ ಇದ್ದರು, ನಾನು ಹೂಂ ಹೂಂ ಎನ್ನುತ್ತಲೇ ಇದ್ದೆ, ಒಂದು ಮಾತೂ ತಲೆಗೆ ಹೋಗಲಿಲ್ಲ. ಆ ವಾಸನೆಯ ಜೊತೆಗೆ ನನಗೆ ನೆನಪಾಗುವವರು ಒಬ್ಬರೇ. ಅವರನ್ನು ನೆನೆಸಿಕೊಂಡಾಗ ಮೊದಲು ಬರುವುದು ದುಃಖವಲ್ಲ, ಸಿಟ್ಟು. ಯಾರ ಮೇಲೆ ಎಂದರೆ ಪಟ್ಟಿ ಸ್ವಲ್ಪ ಉದ್ದವಿದೆ. ಅದರಲ್ಲಿ ಮೊದಲು ನನ್ನ ಹೆಸರೇ ಇದೆ.

ಅವರು ಮುಳಬಾಗಿಲಿನವರು. ಕುರ್ಚಿಗೆ ಬೆತ್ತ ಹೆಣೆಯುವುದು ಅವರ ಕೆಲಸ. ಒಂದು ಕಾಲದಲ್ಲಿ ಅಂಧ ಮಕ್ಕಳ ಶಾಲೆಯೊಂದರಲ್ಲಿ ಇದೇ ಕೆಲಸ ಕಲಿಸುತ್ತಿದ್ದರಂತೆ, ಹಾಗಾಗಿ ಊರಿಗೆಲ್ಲ ಮೇಷ್ಟ್ರು, ನನಗೂ ಮೇಷ್ಟ್ರು. ಮೂರನೇ ವಯಸ್ಸಿನಲ್ಲಿ ಸಿಡುಬು ಬಂದು ಅವರ ಎರಡೂ ಕಣ್ಣು ಹೋಗಿದ್ದವು. ತುಂಬುತೋಳಿನ ಬಿಳಿ ಅಂಗಿ, ಕಪ್ಪು ಕನ್ನಡಕ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬೆತ್ತದ ಸಿಂಬಿ ಇಟ್ಟ ಚೀಲ. ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರನ್ನು ರಾಜಕೀಯದ ಮಾತಿಗೆ ಎಳೆದುಬಿಡುತ್ತಿದ್ದರು. ಆ ಮನುಷ್ಯ ಜಗಳದ ಬಿಸಿಯಲ್ಲಿ ತನ್ನ ಊರು ಬಂದದ್ದನ್ನು ಮರೆತರೂ ಮೇಷ್ಟ್ರು ಮರೆಯುತ್ತಿರಲಿಲ್ಲ. ನಿಮ್ಮ ಸ್ಟಾಪು ಹೋಯ್ತಲ್ಲ ಸ್ವಾಮಿ ಎಂದು ಅವರೇ ಎಚ್ಚರಿಸುತ್ತಿದ್ದರಂತೆ. ಇದನ್ನು ಹೇಳಿಕೊಂಡು ನಗುವುದು ಅವರಿಗೆ ಬಹಳ ಇಷ್ಟವಾಗಿತ್ತು.

ನಾನು ಅವರನ್ನು ಮೊದಲು ನೋಡಿದ್ದು ನಮ್ಮ ಆಫೀಸಿನಲ್ಲಿ. ಕೋಲಾರದ ಕ್ಲಾಕ್ ಟವರ್ ಹತ್ತಿರ ಒಂದು ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ವೆಬ್‌ಸೈಟ್ ಮಾಡುತ್ತಿದ್ದೆವು, ಈಗಲೂ ಮಾಡುತ್ತೇವೆ. ಶಾಲೆಗಳಿಗೆ, ಕಲ್ಯಾಣ ಮಂಟಪಗಳಿಗೆ, ವೇಮಗಲ್ ಕಡೆಯ ಸಣ್ಣ ಕಾರ್ಖಾನೆಗಳಿಗೆ. ನಮ್ಮ ಯಜಮಾನರಿಗೆ ಅವರ ತಾತನ ಕಾಲದ ತೇಗದ ಕುರ್ಚಿಯೊಂದರ ಮೇಲೆ ಮೋಹ. ಅದರ ಬೆತ್ತ ಹರಿದಾಗ ಮೇಷ್ಟ್ರನ್ನು ಕರೆಸಿದರು. ಎರಡು ದಿನ ಅವರು ಮೆಟ್ಟಿಲ ಪಕ್ಕ ಕೂತು, ಚೌಕಟ್ಟಿನ ತೂತುಗಳನ್ನು ಹೆಬ್ಬೆರಳಿನಿಂದ ಎಣಿಸುತ್ತಾ, ಎಳೆ ಸಡಿಲವಾಗದಂತೆ ತೂತಿಗೊಂದು ಸಣ್ಣ ಮರದ ಗೂಟ ಜಡಿಯುತ್ತಾ ಹೆಣೆದರು. ಮುಗಿದ ಮೇಲೆ ಹೋಗಲಿಲ್ಲ. ಯಜಮಾನರು ಮಾಲೂರಿಗೆ ಹೋಗಿದ್ದರು, ಬರುವುದು ಸಂಜೆ. ನಾನು ಹೇಳ್ತೀನಿ ಬಿಡಿ ಮೇಷ್ಟ್ರೇ, ನೀವು ಹೊರಡಿ ಎಂದೆ. ಕೂತ್ಕೊಳೋರು ಬಂದು ಕೂತ್ಕೊಂಡು ಹೇಳ್ಬೇಕಪ್ಪ, ಅಲ್ಲೀವರ್ಗೂ ಮುಗಿದಂಗಲ್ಲ ಎಂದರು. ನಾಲ್ಕು ಗಂಟೆ ಕಾದರು. ಯಜಮಾನರು ಬಂದು ಕೂತರು. ಎಡಗಡೆ ಸ್ವಲ್ಪ ಬಿಗಿ ಅಂದರು. ಮೇಷ್ಟ್ರು ಅಲ್ಲೇ ಕೂತು ಎಡಗಡೆಯ ಸಾಲು ಬಿಚ್ಚಿದರು. ಇದೆಂಥ ಹಠ ಎಂದು ನನಗೆ ಅವತ್ತು ಕಿರಿಕಿರಿಯಾಗಿತ್ತು.

ಅದಾಗಿ ಒಂದು ವರ್ಷಕ್ಕೆ ನಮಗೆ ದೊಡ್ಡ ಕೆಲಸ ಸಿಕ್ಕಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಶಾಲೆ ಕಾಲೇಜು ನಡೆಸುವ ಒಂದು ಟ್ರಸ್ಟಿಗೆ ಪೋರ್ಟಲ್ ಮಾಡಿಕೊಡುವುದು. ಅವರ ಕಟ್ಟಡಗಳಲ್ಲಿ ಬಡಗಿ, ಪ್ಲಂಬರ್, ಪೇಂಟರ್ ಯಾರೇ ಕೆಲಸ ಮಾಡಬೇಕಾದರೂ ಇನ್ನು ಮುಂದೆ ಮೊಬೈಲಿನಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಪಡೆದಿರಬೇಕು. ಗೇಟಿನಲ್ಲಿ ಕಾವಲುಗಾರ ಅದನ್ನು ಸ್ಕ್ಯಾನ್ ಮಾಡಿ ಒಳಗೆ ಬಿಡುತ್ತಾನೆ. ಅದರ ಮುಕ್ಕಾಲು ಭಾಗ ಬರೆದವನು ನಾನು. ಉದ್ಘಾಟನೆಯ ದಿನ ಮಾಲೂರಿನಲ್ಲಿ ದೀಪ ಹಚ್ಚಿ ಅಧ್ಯಕ್ಷರು ಭಾಷಣ ಮಾಡಿದರು. ಈ ಪೋರ್ಟಲ್ ವಿಶೇಷಚೇತನರಿಗೂ ಅನುಕೂಲವಾಗಿದೆ ಎಂಬ ವಾಕ್ಯ ಅದರಲ್ಲಿತ್ತು. ಆ ವಾಕ್ಯ ಬರೆದುಕೊಟ್ಟವನೂ ನಾನೇ. ಅನುಕೂಲ ಎಂದರೆ ಏನು? ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಒಂದು ಚಿತ್ರ, ಅದನ್ನು ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ. ಅಷ್ಟೇ. ನಮ್ಮಲ್ಲಿ ಯಾರೂ ಕಣ್ಣು ಮುಚ್ಚಿಕೊಂಡು ಆ ಪುಟವನ್ನು ಒಂದು ಸಲವೂ ಬಳಸಿ ನೋಡಿರಲಿಲ್ಲ.

ಒಂದು ವಾರ ಕಳೆದಿರಬೇಕು, ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಟ್ರಸ್ಟಿನ ಕಾಲೇಜುಗಳಲ್ಲಿ ಹಳೆಯ ಬೆತ್ತದ ಕುರ್ಚಿಗಳು ಬಹಳ ಇದ್ದವು, ವರ್ಷಕ್ಕೆ ಐದಾರು ತಿಂಗಳು ಅವರಿಗೆ ಅಲ್ಲಿಯೇ ಕೆಲಸ. ಆದರೆ ಅದುವರೆಗೂ ಆ ಕೆಲಸ ಅವರ ಹೆಸರಿನಲ್ಲಿ ಇರಲಿಲ್ಲ. ಮಧ್ಯೆ ಒಬ್ಬ ಗುತ್ತಿಗೆದಾರ ಇದ್ದ. ಹೆಣೆಯುವವರು ಇವರು, ಹೆಸರು ಅವನದು. ಒಂದು ಸಮಾರಂಭದಲ್ಲಿ ಕುರ್ಚಿಗಳನ್ನು ಹೊಗಳಿ ಅವನಿಗೆ ಹಾರ ಹಾಕಿದಾಗ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದರಂತೆ. ಪೋರ್ಟಲ್ ಬಂದದ್ದರಿಂದ ಅವರಿಗೆ ಖುಷಿಯಾಗಿತ್ತು. ಇನ್ನು ನಡುವೆ ಯಾರೂ ಬೇಡ, ನೇರವಾಗಿ ಅವರೇ ಹೆಸರು ಹಾಕಬಹುದು. ನೀನೇ ಮಾಡಿದ್ದಂತಲ್ಲೋ, ಬಾ, ಕೂತ್ಕೋ, ನಾನು ಒತ್ತುತೀನಿ, ನೀನು ಕೇಳಿಸ್ಕೋ ಎಂದರು.

ಅವರ ಫೋನಿನಲ್ಲಿ ಪರದೆಯ ಮೇಲಿದ್ದುದನ್ನು ಓದಿ ಹೇಳುವ ದನಿಯೊಂದಿತ್ತು. ಅದನ್ನು ಅವರು ಎಷ್ಟು ವೇಗಕ್ಕೆ ಇಟ್ಟಿದ್ದರೆಂದರೆ ನನಗೆ ಒಂದಕ್ಷರ ಹಿಡಿಯಲಾಗಲಿಲ್ಲ. ನನಗಾಗಿ ನಿಧಾನ ಮಾಡಿದರು. ನಮ್ಮ ಪೋರ್ಟಲ್ ತೆರೆಯಿತು. ದನಿ ಹೇಳಿತು: ಬಟನ್. ಬೆರಳು ಸರಿಸಿದರು. ಬಟನ್. ಮತ್ತೆ ಸರಿಸಿದರು. ಬಟನ್. ಚಿತ್ರ. ಬಟನ್... ನಾನು ಬಣ್ಣ ಹಚ್ಚಿ, ಅಂಚು ದುಂಡಗೆ ಮಾಡಿ, ಸಣ್ಣ ಸಣ್ಣ ಚಿತ್ರ ಬರೆಸಿ ಜೋಡಿಸಿದ್ದ ಬಟನ್‌ಗಳು ಅವು. ಒಂದಕ್ಕೂ ಹೆಸರು ಕೊಟ್ಟಿರಲಿಲ್ಲ. ನೋಡುವವರಿಗೆ ಚಿತ್ರ ಸಾಕಲ್ಲ ಎಂದು ಬಿಟ್ಟಿದ್ದೆ. ಮೂಲೆಯ ಆ ಗಾಲಿಕುರ್ಚಿಯ ಚಿತ್ರ ಬಂದಾಗಲೂ ದನಿ ಹೇಳಿದ್ದು ಬಟನ್ ಎಂದೇ. ಮೇಷ್ಟ್ರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು:

“ಹನ್ನೊಂದು ಬಟನ್ ಆಯ್ತು. ಯಾವ್ದು ಯಾವ್ದಕ್ಕೆ ಅಂತ ನಿಂಗಾದ್ರೂ ಗೊತ್ತೇನಪ್ಪಾ?”

ನನಗೆ ಅವಮಾನವಾಯಿತು, ಅವಮಾನವಾದಾಗ ಎಲ್ಲರಿಗೂ ಬರುವ ಹಾಗೆ ಸಿಟ್ಟೂ ಬಂತು. ನಿಜ ಹೇಳಬೇಕೆಂದರೆ ಅವರ ಮೇಲೇ ಬಂತು. ನಾಲ್ಕು ಕಾಲೇಜಿನವರು ಮೆಚ್ಚಿದ ಪೋರ್ಟಲ್, ಈ ಒಬ್ಬರು ಮುಳಬಾಗಿಲಿನಿಂದ ಬಂದು ತಪ್ಪು ಎಣಿಸುತ್ತಿದ್ದಾರಲ್ಲ ಅನ್ನಿಸಿತು. ಸರಿ ಮಾಡಿ ಹೇಳ್ತೀನಿ, ಮುಂದಿನ ವಾರ ಬನ್ನಿ ಎಂದು ಕಳಿಸಿದೆ. ಹೋಗುವಾಗ ಸರ್ಲೇ ಸರ್ಲೇ, ಅಂದರೆ ಆಗಲಿ ಬಿಡು, ಎಂದು ತೆಲುಗಿನಲ್ಲಿ ಹೇಳಿ ಮೆಟ್ಟಿಲಿಳಿದರು. ಬೇಸರವಾದಾಗಲೂ ಖುಷಿಯಾದಾಗಲೂ ಅವರು ಅದನ್ನೇ ಹೇಳುತ್ತಿದ್ದರು, ಯಾವಾಗ ಯಾವುದು ಎಂದು ದನಿಯಿಂದ ತಿಳಿದುಕೊಳ್ಳಬೇಕಿತ್ತು.

ಬಟನ್‌ಗಳಿಗೆಲ್ಲ ಹೆಸರು ಹಾಕಿದೆ. ಅದು ಅರ್ಧ ದಿನದ ಕೆಲಸ, ಮೊದಲೇ ಮಾಡಿದ್ದರೆ ಅರ್ಧ ದಿನವೂ ಬೇಕಾಗಿರಲಿಲ್ಲ. ಮೇಷ್ಟ್ರು ಎರಡನೇ ಸಲ ಬಂದರು. ಹೆಸರು, ಊರು, ಕೆಲಸ ಎಲ್ಲ ತಾವೇ ಹೇಳಿ ತುಂಬಿಸಿದರು. ಅರ್ಧ ದಾರಿಯಲ್ಲಿ ಪುಟ ತನ್ನಷ್ಟಕ್ಕೆ ಮುಚ್ಚಿಹೋಯಿತು. ಹತ್ತು ನಿಮಿಷದಲ್ಲಿ ಮುಗಿಸದಿದ್ದರೆ ಮುಚ್ಚುವ ಹಾಗೆ ನಾನೇ ಇಟ್ಟಿದ್ದೆ. ಕೇಳಿ ಕೇಳಿ ತುಂಬುವವರಿಗೆ ಹತ್ತು ನಿಮಿಷ ಎಲ್ಲಿ ಸಾಲುತ್ತದೆ? ಆ ಗಡುವನ್ನು ಅಲ್ಲೇ ತೆಗೆದೆ, ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಕೊನೆಯಲ್ಲಿ ದನಿ ಹೇಳಿತು: ಕೆಂಪು ಬಣ್ಣದಲ್ಲಿ ತೋರಿಸಿರುವ ಜಾಗಗಳನ್ನು ಸರಿಪಡಿಸಿ. ಮೇಷ್ಟ್ರು ನಕ್ಕುಬಿಟ್ಟರು. ಕೆಂಪು ಅಂದ್ರೆ ಹೆಂಗಿರತ್ತೋ, ನಂಗೆ ಮೂರು ವರ್ಷದ್ದು ಜ್ಞಾಪಕ ಇಲ್ಲ ಕಣೋ ಎಂದರು. ನಾನು ನಗಲಿಲ್ಲ. ಅದನ್ನು ಸರಿಮಾಡಲು ಒಂದು ವಾರ ತೆಗೆದುಕೊಂಡೆ. ಆಫೀಸಿನಲ್ಲಿ ಬೇರೆ ಕೆಲಸ ಬಾಕಿ ಬಿದ್ದಿತ್ತು, ಯಜಮಾನರು ಗೊಣಗುತ್ತಿದ್ದರು, ನಾನು ಗೊಣಗುತ್ತಿದ್ದೆ. ಗೊಣಗದೆ ಇದ್ದವರು ಎರಡು ಬಸ್ಸು ಚಾರ್ಜು ಕಳೆದುಕೊಂಡಿದ್ದ ಮೇಷ್ಟ್ರು ಮಾತ್ರ.

ಮೂರನೇ ಸಲ ಬಂದಾಗ ಎಲ್ಲ ಸರಾಗವಾಗಿ ನಡೆಯಿತು. ಸುಮಾರು ನಲವತ್ತು ನಿಮಿಷ ಕೂತು ಒಂದೊಂದೇ ಪುಟ ದಾಟಿದರು. ನಾನು ಪಕ್ಕದಲ್ಲಿದ್ದರೂ ಫೋನನ್ನು ಮುಟ್ಟಲು ಬಿಡಲಿಲ್ಲ. ಕೊನೆಯ ಪುಟಕ್ಕೆ ಬಂದೆವು. ನೋಂದಾಯಿಸುತ್ತಿರುವುದು ನಿಜವಾದ ಮನುಷ್ಯನೇ, ಫೋಟೋ ಹಿಡಿದು ಮೋಸ ಮಾಡುತ್ತಿಲ್ಲ ತಾನೇ ಎಂದು ಖಾತ್ರಿ ಮಾಡಿಕೊಳ್ಳುವ ಪುಟ ಅದು. ದನಿ ಸ್ಪಷ್ಟವಾಗಿ ಓದಿತು: ಕ್ಯಾಮೆರಾ ನೋಡಿ ಎರಡು ಸಲ ಕಣ್ಣು ಮಿಟುಕಿಸಿ.

ಎರಡು ವಾರದಿಂದ ಬಟನ್‌ಗೆ ಹೆಸರು ಹಾಕುತ್ತಾ, ಬಣ್ಣ ತಿದ್ದುತ್ತಾ ಕೂತವನಿಗೆ ಕೊನೆಯಲ್ಲಿ ಇದಿದೆ ಎಂದು ಹೊಳೆದಿರಲೇ ಇಲ್ಲ. ಮೇಷ್ಟ್ರು ಮೆಲ್ಲಗೆ ಕನ್ನಡಕ ತೆಗೆದರು. ಅವರ ಕಣ್ಣುಗಳನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ರೆಪ್ಪೆಗಳು ಒಳಗೆ ಇಳಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಫೋನನ್ನು ಮುಖದ ಮುಂದೆ ಹಿಡಿದು ಹುಬ್ಬು ಮೇಲೆ ಕೆಳಗೆ ಮಾಡಿದರು. ಮತ್ತೊಮ್ಮೆ ಮಾಡಿದರು. ದನಿ ಹೇಳಿತು: ಕಣ್ಣು ಕಾಣಿಸುತ್ತಿಲ್ಲ, ಬೆಳಕಿರುವ ಕಡೆ ಹೋಗಿ. ಅವರು ನಿಜವಾಗಿಯೂ ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗಿನ ರಸ್ತೆಯ ಬಿಸಿಲು ಮುಖಕ್ಕೆ ಬೀಳುವ ಹಾಗೆ ನಿಂತು, ಅರವತ್ತು ದಾಟಿದ ಆ ಮನುಷ್ಯ ನನ್ನ ಪೋರ್ಟಲ್ ಹೇಳಿದಂತೆ ಹುಬ್ಬು ಕುಣಿಸುತ್ತಿದ್ದರು... ಅದನ್ನು ನೋಡುತ್ತಾ ಕೂರಲು ನನ್ನ ಕೈಲಾಗಲಿಲ್ಲ.

ಅಲ್ಲಿ ನಾನು ಮಾಡಬೇಕಾದದ್ದು ಒಂದೇ ಇತ್ತು. ತಪ್ಪು ನಮ್ಮದು ಮೇಷ್ಟ್ರೇ, ಇದು ನಿಮ್ಮಿಂದ ಆಗುವಂಥದ್ದಲ್ಲ, ಬದಲಾಯಿಸ್ತೀನಿ ಎಂದು ಹೇಳುವುದು. ಹೇಳಲಿಲ್ಲ. ಐದು ಗಂಟೆಯಾಗಿತ್ತು, ಅವರಿಗೆ ಬಸ್ಸಿಗೆ ಹೊತ್ತಾಗುತ್ತಿತ್ತು, ನಾಲ್ಕನೇ ಸಲ ಬನ್ನಿ ಎನ್ನಲು ನನಗೆ ನಾಚಿಕೆ. ಕೊಡಿ ಮೇಷ್ಟ್ರೇ, ಬೆಳಕಿಗೆ ಸರಿಯಾಗಿ ಹಿಡೀತೀನಿ ಎಂದೆ. ಅಷ್ಟು ಹೊತ್ತೂ ಬಿಡದಿದ್ದ ಫೋನನ್ನು ಕೊಟ್ಟರು. ಹಿಡಿದದ್ದು ನನ್ನ ಮುಖಕ್ಕೆ. ಎರಡು ಸಲ ಕಣ್ಣು ಮಿಟುಕಿಸಿದೆ. ನೋಂದಣಿ ಯಶಸ್ವಿಯಾಗಿದೆ ಎಂದಿತು ದನಿ. ಆಯ್ತು ನೋಡಿ, ಬೆಳಕಿಂದೇ ತೊಂದ್ರೆ ಎಂದೆ. ಬಾಯಿ ತುಂಬ ಸುಳ್ಳು.

ಅವತ್ತು ಅವರಿಗಾದ ಸಂತೋಷ! ದನಿಯಿಂದ ತಮ್ಮ ಹೆಸರನ್ನು ಮೂರು ಸಲ ಓದಿಸಿ ಕೇಳಿಸಿಕೊಂಡರು. ಹೆಸರಿನ ಕೆಳಗೆ, ಕೆಲಸ: ಬೆತ್ತ ಹೆಣೆಯುವುದು, ಮುಳಬಾಗಿಲು ಎಂದು ಓದಿದಾಗ ತಾವೂ ದನಿಯ ಜೊತೆಗೆ ಅದನ್ನೇ ಹೇಳಿಕೊಂಡರು. ಆಮೇಲೆ ಕೆಳಗಿನ ಬೇಕರಿಯಿಂದ ನಮಗೆಲ್ಲ ಬೆಣ್ಣೆ ಬಿಸ್ಕತ್ತು ತರಿಸಿದರು. ನಾನು ಎರಡು ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಚೆನ್ನಾಗಿಯೇ ಇಳಿಯಿತು. ಒಳ್ಳೆಯ ಕೆಲಸವನ್ನೇ ಮಾಡಿದೆ ಎಂದುಕೊಂಡಿದ್ದೆ.

ನಾನು ಮರೆತದ್ದು ನಾನೇ ಬರೆದ ಒಂದು ಸಾಲನ್ನು. ಕಣ್ಣು ಮಿಟುಕಿಸಿದ ಆ ಕ್ಷಣದ ಚಿತ್ರವನ್ನೇ ಗುರುತಿನ ಚೀಟಿಗೆ ಅಂಟಿಸಬೇಕು, ಬೇರೆ ಫೋಟೋ ಕೇಳಿ ಜನರಿಗೆ ಯಾಕೆ ತೊಂದರೆ ಕೊಡಬೇಕು ಎಂದು ಬಹಳ ಜಾಣತನದಿಂದ ಬರೆದ ಸಾಲು. ಯಜಮಾನರು ಅದಕ್ಕಾಗಿ ಬೆನ್ನು ತಟ್ಟಿದ್ದರು. ಹದಿನೈದು ದಿನಕ್ಕೆ ಚೀಟಿ ಅಂಚೆಯಲ್ಲಿ ಮುಳಬಾಗಿಲಿಗೆ ಹೋಯಿತು. ಮೇಲೆ ಮೇಷ್ಟ್ರ ಹೆಸರು, ಕೆಳಗೆ ನನ್ನ ಮುಖ. ಅದನ್ನು ಅವರು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮನೆಯಲ್ಲಿ ಇದ್ದವರು ಹೆಂಡತಿ ಒಬ್ಬರೇ, ಅವರಿಗೂ ತೋರಿಸಿದರು. ಅವರ ಹೆಂಡತಿಗೆ ಹತ್ತಿರದ್ದು ಮಂಜು ಮಂಜಾಗಿ ಕಾಣುತ್ತಿತ್ತು, ಕನ್ನಡಕ ಕುರುಡುಮಲೆಗೆ ಹೋದಾಗ ಬಸ್ಸಿನಲ್ಲಿ ಬಿದ್ದುಹೋಗಿತ್ತಂತೆ. ಅವರು ಚೀಟಿಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಒಂದು ದಿನ ಇಟ್ಟಿದ್ದರು.

ಶ್ರೀನಿವಾಸಪುರದ ಕಾಲೇಜಿನಿಂದ ಮೊದಲ ಕರೆ ಬಂತು. ಎಂಟು ಕುರ್ಚಿ, ಈ ಸಲ ಅವರ ಹೆಸರಿಗೇ. ಮೇಷ್ಟ್ರು ಬೆತ್ತದ ಚೀಲ ಹೊತ್ತು ಬೆಳಗಿನ ಬಸ್ಸಿಗೆ ಹೋಗಿ ಗೇಟಿನಲ್ಲಿ ಚೀಟಿ ಕೊಟ್ಟರು. ಕಾವಲುಗಾರ ಹೊಸಬ. ಸ್ಕ್ಯಾನ್ ಮಾಡಿದ. ಚೀಟಿ ನೋಡಿದ, ಇವರನ್ನು ನೋಡಿದ. ಮುಂದಿನದನ್ನು ನನಗೆ ಮೇಷ್ಟ್ರೂ ಹೇಳಿದರು, ಆಮೇಲೆ ಆ ಕಾವಲುಗಾರನೂ ಹೇಳಿದ. ಇಬ್ಬರ ಮಾತಿನಲ್ಲಿ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

“ಇದು ನಿಮ್ದಲ್ಲ ತಾತಾ. ಯಾರೋ ಹುಡುಗಂದು. ಎಲ್ಲಿ ಸಿಕ್ತು ನಿಮ್ಗೆ?”

“ನಂದೇ ಕಣಪ್ಪ. ಹೆಸ್ರು ಓದು.”

“ಹೆಸ್ರು ಯಾರು ಬೇಕಾದ್ರೂ ಹೇಳ್ತಾರೆ. ಮುಖ ನಿಮ್ದಲ್ಲ.”

ಅವನ ತಪ್ಪೇನೂ ಇಲ್ಲ. ನೋಡು ಎಂದು ನಾವೇ ಅವನಿಗೆ ಹೇಳಿಕೊಟ್ಟಿದ್ದೆವು, ಅವನು ನೋಡಿದ. ಕಾಲೇಜು ಬಿಡುವಿನ ಹೊತ್ತು, ಹುಡುಗರು ಹುಡುಗಿಯರು ಸುತ್ತ ನಿಂತರು. ಯಾರೋ ಕುರುಡನ ವೇಷ ಹಾಕಿಕೊಂಡು ಬೇರೆಯವರ ಚೀಟಿ ತಂದಿದ್ದಾನೆ ಎಂದು ಸುದ್ದಿಯಾಯಿತು. ಒಬ್ಬ ಮೊಬೈಲಿನಲ್ಲಿ ಚಿತ್ರ ತೆಗೆದನಂತೆ. ಕನ್ನಡಕ ತೆಗೀರಿ ನೋಡೋಣ ಎಂದು ಇನ್ನೊಬ್ಬ ಹೇಳಿದನಂತೆ. ಮೇಷ್ಟ್ರು ತೆಗೆಯಲಿಲ್ಲ. ಚೀಟಿ ವಾಪಸ್ಸು ಇಸಿದುಕೊಂಡು, ದಾರಿಯನ್ನು ಯಾರನ್ನೂ ಕೇಳದೆ, ಗೋಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು.

ಮಾರನೆಯ ದಿನ ನಮ್ಮ ಆಫೀಸಿಗೆ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಕಾಲೇಜಿನಿಂದ ಆಗಲೇ ಫೋನು ಬಂದಿತ್ತು, ಚೀಟಿಯ ಚಿತ್ರವೂ ಬಂದಿತ್ತು, ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ಮೇಷ್ಟ್ರು ಕೂರಲಿಲ್ಲ. ಚೀಟಿಯನ್ನು ಮೇಜಿನ ಮೇಲಿಟ್ಟರು. ಬೆಳಕಿನ ಕತೆ ಹೇಳಿದ್ಯಲ್ಲೋ ಎಂದರು. ನಾನು ಏನೇನೋ ಹೇಳಲು ಹೋದೆ. ನಿಮಗೆ ಸಹಾಯ ಆಗಲಿ ಅಂತ, ಹೊತ್ತಾಗಿತ್ತು ಅಂತ, ಪೋರ್ಟಲ್ ನಿಯಮ ಹಾಗೆ ಅಂತ. ಅವರು ಅಷ್ಟನ್ನೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ನನ್ ಮುಖ ನಾನು ನೋಡಿಲ್ಲ ಕಣೋ. ಹಂಗಂತ ನಂಗೆ ಬೇಡ ಅಂತ ಹೇಳಿದ್ನಾ?”

ಕ್ಷಮಿಸಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು... ಅಷ್ಟರಲ್ಲಿ ಯಜಮಾನರು ಒಳಗಿನಿಂದ ಬಂದು, ಮೇಷ್ಟ್ರೇ ಅದೆಲ್ಲ ಟೆಕ್ನಿಕಲ್ ಪ್ರಾಬ್ಲಂ, ಇವತ್ತೇ ಸರಿ ಮಾಡಿಸ್ತೀನಿ ಎಂದು ಶುರು ಮಾಡಿದರು. ಸರ್ಲೇ ಎಂದು ಮೇಷ್ಟ್ರು ತಿರುಗಿದರು. ಆ ಸರ್ಲೇ ಯಾವ ಬಗೆಯದೆಂದು ನನಗೆ ಚೆನ್ನಾಗಿ ತಿಳಿಯಿತು.

ಆಮೇಲೆ ನಾನು ಹಠ ಹಿಡಿದೆ. ಯಜಮಾನರು ಹೇಳಿದ ಪರಿಹಾರ ಸುಲಭದ್ದು. ಒಂದು ಫೋಟೋ ತರಿಸಿಕೊಂಡು ನಾವೇ ಹಿಂದಿನಿಂದ ಅಂಟಿಸಿಬಿಡುವುದು, ಒಬ್ಬರಿಗಾಗಿ ಇಡೀ ಪೋರ್ಟಲ್ ಯಾಕೆ ಮುಟ್ಟಬೇಕು? ಇನ್ನೊಬ್ಬರು ಬಂದರೆ ಎಂದು ಕೇಳಿದೆ. ಎಷ್ಟು ಜನ ಕುರುಡರು ಬರ್ತಾರಯ್ಯಾ ಬೆತ್ತ ಹಾಕೋಕೆ ಎಂದರು. ಇದನ್ನು ನಾನು ಈ ಕೆಲಸದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮೆಟ್ಟಿಲು ಮಾತ್ರ ಇರುವ ಮಹಡಿಯಲ್ಲಿ ಅಂಗಡಿ ತೆರೆದು, ಗಾಲಿಕುರ್ಚಿಯವರು ಒಬ್ಬರೂ ಬರುವುದಿಲ್ಲ ನೋಡಿ ಎನ್ನುವವರ ತರ್ಕ ಇದು. ಟ್ರಸ್ಟಿನವರನ್ನು ಕೇಳಿದರೆ, ನಿಮ್ಮ ಯಜಮಾನರು ಒಪ್ಪಿದರೆ ನಮಗೇನೂ ಇಲ್ಲ ಎಂದರು. ಯಜಮಾನರನ್ನು ಕೇಳಿದರೆ ಟ್ರಸ್ಟಿನವರು ಬರೆದುಕೊಡಲಿ ಎಂದರು. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಅಲೆದು ನಾಲ್ಕು ತಿಂಗಳು ಹಾಳಾದವು. ಕಣ್ಣು ಮಿಟುಕಿಸಲಾಗದವರು ಪೋರ್ಟಲ್ ಹೇಳಿದ ನಾಲ್ಕು ಅಂಕಿಗಳನ್ನು ತಮ್ಮ ದನಿಯಲ್ಲಿ ಹೇಳಿದರೆ ಸಾಕು, ಫೋಟೋ ಹೇಗಿದ್ದರೂ ತೆಗೆದುಕೊಳ್ಳುತ್ತದೆ. ಇಷ್ಟನ್ನು ಬರೆಯಲು ನನಗೆ ಹಿಡಿದದ್ದು ಆರು ದಿನ. ಉಳಿದದ್ದೆಲ್ಲ ಒಪ್ಪಿಗೆಗೆ ಹಿಡಿದ ಕಾಲ.

ಅದು ಸಿದ್ಧವಾದ ದಿನವೇ ಮುಳಬಾಗಿಲಿಗೆ ಹೋದೆ. ಮೇಷ್ಟ್ರು ಮನೆಯ ಮುಂದೆ ಪಕ್ಕದ ಬೀದಿಯ ದರ್ಜಿ ಸಾಹೇಬರ ಸ್ಟೂಲಿಗೆ ಬೆತ್ತ ಹಾಕುತ್ತಿದ್ದರು. ನನ್ನ ಹೆಜ್ಜೆಯಿಂದಲೇ ಗುರುತು ಹಿಡಿದರೋ, ಗೇಟಿನ ಸದ್ದಿಗೆ ಊಹಿಸಿದರೋ, ಬಾರಪ್ಪ ಎಂದರು. ಹೆಂಡತಿಯನ್ನು ಕರೆದು ಕಾಫಿ ಹೇಳಿದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ದನಿಯಲ್ಲೇ ಆಗುತ್ತೆ, ಈಗಲೇ ಹತ್ತು ನಿಮಿಷದಲ್ಲಿ ಮುಗಿಸಬಹುದು, ನಾನು ಫೋನು ಮುಟ್ಟುವುದೇ ಇಲ್ಲ, ನಿಮ್ಮ ಮುಖವೇ ಬರುತ್ತೆ. ಅವರ ಕೈ ನಿಲ್ಲಲಿಲ್ಲ. ಎಳೆ ಎಳೆದು, ಗೂಟ ಜಡಿದು, ಇನ್ನೊಂದು ಎಳೆ ತೆಗೆದುಕೊಂಡರು.

“ಬೇಡ ಕಣೋ. ಆ ಗೇಟಿಗೆ ಮತ್ತೆ ನಾನು ಹೋಗಲ್ಲ.”

ನಾನು ಬೇಡಿಕೊಂಡೆ. ಗುತ್ತಿಗೆದಾರನ ಹೆಸರೆತ್ತಿ ಕೆಣಕಿಯೂ ನೋಡಿದೆ, ಮತ್ತೆ ಅವನ ಕೈಕೆಳಗೇ ಹೋಗ್ತೀರಾ ಎಂದೆ. ಅವನ ಹತ್ರಾನೂ ಹೋಗಲ್ಲ ಎಂದರು. ಬೇರೇನೂ ಕಹಿ ಆಡಲಿಲ್ಲ. ಅರವತ್ತು ವರ್ಷ ಕಾಣದೆ ಇದ್ದದ್ದಕ್ಕೆ ಯಾವತ್ತೂ ನಾಚಿಕೆಯಾಗಿರಲಿಲ್ಲ, ಆ ಹುಡುಗರ ನಡುವೆ ನಿಂತಾಗ ಆಯಿತು ಎಂದು ಮಾತ್ರ ಹೇಳಿದರು. ಕಾಫಿ ಬಂತು, ಕುಡಿದೆ. ಹೊರಡಲು ಎದ್ದಾಗ ಅವರೇ ಕರೆದು, ಅದೇನೋ ದನಿ ಇಟ್ಟಿದ್ದೀಯಲ್ಲ, ನಾನು ಬರ್ಲಿಲ್ಲ ಅಂತ ಅದನ್ನ ತೆಗೀಬೇಡ, ಯಾರಾದ್ರೂ ಬರ್ತಾರೆ ಎಂದರು. ತೆಗೆಯೋಲ್ಲ ಮೇಷ್ಟ್ರೇ ಎಂದೆ. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಮುಂದಿನ ಸಲ ಬಂದಾಗ ಸರಿಯಾಗಿ ಕೂತು ಕೇಳೋಣ ಎಂದುಕೊಂಡು ಬಸ್ಸು ಹತ್ತಿದೆ.

ಆ ಮುಂದಿನ ಸಲ ಬರಲಿಲ್ಲ. ಮುಳಬಾಗಿಲು ಎಷ್ಟು ದೂರ, ಒಂದು ಗಂಟೆಯ ದಾರಿ. ವರ್ಷಗಳು ಹಾಗೆಯೇ ಹೋದವು. ಎರಡು ವರ್ಷದ ಹಿಂದೆ ಯಜಮಾನರ ಕುರ್ಚಿಯ ಬೆತ್ತ ಮತ್ತೆ ಸಡಿಲವಾಗಿ, ಇದೇ ನೆಪ ಎಂದು ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ. ಹೋಗಿ ಎಂಟು ತಿಂಗಳಾಯ್ತಪ್ಪ, ಎದೆನೋವು ಅಂದ್ರು, ಆಸ್ಪತ್ರೆ ಸೇರೋ ಹೊತ್ತಿಗೆ ಇರ್ಲಿಲ್ಲ ಎಂದರು. ನೀನು ಕಂಪ್ಯೂಟರ್ ಆಫೀಸಿನ ಹುಡ್ಗ ಅಲ್ವಾ ಎಂದು ಗುರುತು ಹಿಡಿದರು. ಅವರ ದನಿಯಲ್ಲಿ ಕೋಪವೇನೂ ಇರಲಿಲ್ಲ. ಚೀಟಿಯ ಮೇಲಿದ್ದ ಮುಖ ಯಾರದೆಂದು, ಗೇಟಿನಲ್ಲಿ ಏನಾಯಿತೆಂದು ಮೇಷ್ಟ್ರು ಮನೆಯಲ್ಲಿ ಹೇಳಿರಲೇ ಇಲ್ಲ ಎಂದು ಆಗ ತಿಳಿಯಿತು.

ಈ ವಾರ ಟ್ರಸ್ಟಿನ ಪೋರ್ಟಲ್‌ಗೆ ಹೊಸ ರೂಪ ಕೊಡುವ ಮೀಟಿಂಗ್ ನಡೆಯಿತು. ಏನು ಇಟ್ಟುಕೊಳ್ಳಬೇಕು, ಏನು ತೆಗೆದುಹಾಕಬೇಕು ಎಂದು ಯಜಮಾನರು ಪಟ್ಟಿ ಮಾಡಿಸಿದ್ದರು. ಒಂದೊಂದು ಸೌಲಭ್ಯದ ಎದುರಿಗೂ ಅದನ್ನು ಎಷ್ಟು ಜನ ಬಳಸಿದ್ದಾರೆ ಎಂಬ ಅಂಕಿ. ದನಿಯಿಂದ ಗುರುತು ಎಂಬುದರ ಎದುರಿಗೆ ಸೊನ್ನೆ. ಯಜಮಾನರು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ನೀನೇ ಹಠ ಮಾಡಿ ಹಾಕಿಸಿದ್ದಲ್ಲಯ್ಯಾ, ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿಲ್ಲ ನೋಡು ಎಂದರು. ಅವರು ಕೆಟ್ಟವರಲ್ಲ. ಮೇಷ್ಟ್ರು ಹೋದ ಸುದ್ದಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡವರು. ಆ ಸೊನ್ನೆಗೂ ಮೇಷ್ಟ್ರಿಗೂ ಇರುವ ಸಂಬಂಧ ಅವರಿಗೆ ಹೊಳೆಯಲಿಲ್ಲ, ಅಷ್ಟೇ. ಇದೇ ನಾನು ತಲೆ ಚಚ್ಚಿಕೊಳ್ಳುವಂತೆ ಮಾಡುವುದು, ಪ್ರತಿಯೊಂದು ಕೆಲಸದಲ್ಲೂ, ಪ್ರತಿಯೊಂದು ಮೀಟಿಂಗಿನಲ್ಲೂ.

ನಾನು ತೆಗೆಯುವುದಿಲ್ಲ ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು, ಎಲ್ಲರೂ ನನ್ನ ಕಡೆ ನೋಡಿದರು. ಸರಿಯಪ್ಪ, ಇರ್ಲಿ ಬಿಡು, ಅದಕ್ಯಾಕೆ ಇಷ್ಟು ಕೋಪ ಎಂದು ಯಜಮಾನರು ಮುಂದಿನ ಸಾಲಿಗೆ ಹೋದರು. ನಾನು ಮಾತ್ರ ಆ ಸಾಲಿನಲ್ಲೇ ಉಳಿದೆ. ಅದೊಂದು ಇಲ್ಲದೆ ಒಬ್ಬರನ್ನು ಕಳೆದುಕೊಂಡ ಮೇಲೆ ಹಾಕಿದ್ದು ಅದು. ಒಬ್ಬರೂ ಬಂದಿಲ್ಲ ಎನ್ನುತ್ತಾರೆ... ಬಂದಿದ್ದರು. ಬೆತ್ತದ ಚೀಲ ಹೊತ್ತುಕೊಂಡು, ನಮ್ಮ ಮೆಟ್ಟಿಲು ಹತ್ತಿ, ಮೂರು ಸಲ ಬಂದಿದ್ದರು. ನಾವು ದಾರಿ ಮಾಡುವುದಕ್ಕೆ ಮೊದಲೇ ಬಂದಿದ್ದರು.